ಡೌನ್‌ಲೋಡ್ ಮಾಡಿದ ಸಾಫ್ಟ್‌ವೇರ್ ಅನ್ನು ಆಂಟಿವೈರಸ್ ತಡೆದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಕನ್ನಡ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಒಂದು ಪುಟ್ಟ ಸಾಫ್ಟ್‌ವೇರ್ ಬರೆದು ಉಚಿತವಾಗಿ ಹಂಚುತ್ತಿದ್ದೇನೆ. ಅದನ್ನು ಇಳಿಸಿಕೊಂಡ ಎಷ್ಟೋ ಜನರಿಂದ ಬರುವ ಮೊದಲ ಸಂದೇಶ ಒಂದೇ: "ಸಾರ್, ಇದರಲ್ಲಿ ವೈರಸ್ ಇದೆ ಅಂತ ತೋರಿಸ್ತಿದೆ, ಏನು ಮಾಡ್ಲಿ?" ಹೀಗೆ ಕೇಳಿದವರು ಸರಿಯಾದ ಕೆಲಸವನ್ನೇ ಮಾಡಿದ್ದಾರೆ. ಕೇಳದೆ ಆಂಟಿವೈರಸ್ ಆಫ್ ಮಾಡಿ ಮುಂದೆ ಹೋದವರ ಬಗ್ಗೆ ನನಗೆ ಚಿಂತೆ ಜಾಸ್ತಿ. ಒಬ್ಬೊಬ್ಬರಿಗೂ ಬರೆದ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಇವು ನನ್ನ ಸಾಫ್ಟ್‌ವೇರ್‌ಗೆ ಮಾತ್ರವಲ್ಲ, ನೀವು ಇಳಿಸಿಕೊಳ್ಳುವ ಯಾವುದಕ್ಕಾದರೂ ಹೊಂದುತ್ತವೆ.

ಎಚ್ಚರಿಕೆ ಬಂತು. ಮೊದಲು ಏನು ಮಾಡಲಿ?

ಫೈಲನ್ನು ತೆರೆಯಬೇಡಿ. ಆಂಟಿವೈರಸ್ ಆಫ್ ಮಾಡಬೇಡಿ. ತೆರೆಯ ಮೇಲೆ ಬಂದ ಸಂದೇಶದ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ, ಅಥವಾ ಮೊಬೈಲ್‌ನಲ್ಲಿ ಒಂದು ಫೋಟೊ ಹೊಡೆದುಕೊಳ್ಳಿ. ಅದರಲ್ಲಿ ವೈರಸ್ಸಿನ ಹೆಸರು ಕಾಣಬೇಕು, ಮುಂದೆ ಅದು ಬೇಕಾಗುತ್ತದೆ. ಆಂಟಿವೈರಸ್ ಫೈಲನ್ನು ಕ್ವಾರಂಟೈನ್‌ಗೆ, ಅಂದರೆ ಪ್ರತ್ಯೇಕವಾಗಿ ಕೂಡಿಹಾಕುವ ಜಾಗಕ್ಕೆ, ಹಾಕಿದ್ದರೆ ಸದ್ಯಕ್ಕೆ ಅಲ್ಲೇ ಇರಲಿ. ಅಲ್ಲಿರುವಾಗ ಅದು ಓಡುವುದಿಲ್ಲ. ಬೇಕಾದರೆ ಆಮೇಲೆ ಹೊರಗೆ ತರಬಹುದು. ಈ ಕೆಲಸಕ್ಕೆ ಅವಸರ ಬೇಡ.

ಒಳ್ಳೆಯ ಸಾಫ್ಟ್‌ವೇರ್ ಅನ್ನು ವೈರಸ್ ಎನ್ನುವುದು ನಿಜವಾಗಿಯೂ ನಡೆಯುತ್ತದಾ? ತಪ್ಪು ಮುಚ್ಚಿಕೊಳ್ಳಲು ಹೇಳುವ ಮಾತಾ?

ನಡೆಯುತ್ತದೆ. ಇದಕ್ಕೆ ಫಾಲ್ಸ್ ಪಾಸಿಟಿವ್ ಅನ್ನುತ್ತಾರೆ, ನಾನು ಸುಳ್ಳು ಎಚ್ಚರಿಕೆ ಎನ್ನುತ್ತೇನೆ. ದೊಡ್ಡ ದೊಡ್ಡ ಕಂಪನಿಗಳಿಗೇ ಹೀಗಾಗಿದೆ. 2010ರ ಏಪ್ರಿಲ್ 21ರಂದು ಮ್ಯಾಕಫಿ ಎಂಬ ಆಂಟಿವೈರಸ್ ಕಂಪನಿ ಕಳಿಸಿದ ಒಂದು ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯದೇ ಮುಖ್ಯ ಫೈಲಾದ ಎಸ್‌ವಿಸಿಹೋಸ್ಟ್ ಅನ್ನು ವೈರಸ್ ಎಂದುಕೊಂಡಿತು. ಕಂಪ್ಯೂಟರ್‌ಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗತೊಡಗಿದವು, ನೆಟ್‌ವರ್ಕ್ ಕಡಿದುಹೋಯಿತು. 2011ರ ಸೆಪ್ಟೆಂಬರ್ ಕೊನೆಯಲ್ಲಿ ಮೈಕ್ರೋಸಾಫ್ಟ್‌ನ ಆಂಟಿವೈರಸ್ ಗೂಗಲ್ ಕ್ರೋಮ್ ಅನ್ನೇ ಬ್ಯಾಂಕ್ ಪಾಸ್‌ವರ್ಡ್ ಕದಿಯುವ ಟ್ರೋಜನ್ (ಒಳ್ಳೆಯ ಸಾಫ್ಟ್‌ವೇರ್ ವೇಷದಲ್ಲಿ ಬರುವ ವೈರಸ್) ಎಂದಿತು. 2012ರ ಸೆಪ್ಟೆಂಬರ್‌ನಲ್ಲಿ ಸೋಫೋಸ್ ಎಂಬ ಆಂಟಿವೈರಸ್ ತನ್ನದೇ ಅಪ್‌ಡೇಟ್ ಮಾಡುವ ಫೈಲುಗಳನ್ನು ಹಿಡಿದುಹಾಕಿತು. 2022ರ ಸೆಪ್ಟೆಂಬರ್‌ನಲ್ಲಿ ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಆದ ವಿಂಡೋಸ್ ಡಿಫೆಂಡರ್ ಮತ್ತೊಮ್ಮೆ ಕ್ರೋಮ್ ಮತ್ತು ಅದೇ ಬಗೆಯ ಹಲವು ಆ್ಯಪ್‌ಗಳನ್ನು ತೆರೆದಾಗೆಲ್ಲ ಎಚ್ಚರಿಕೆ ಕೊಟ್ಟಿತು.

ಕೋಟ್ಯಂತರ ಜನ ಬಳಸುವ ಕ್ರೋಮ್‌ಗೇ ಹೀಗಾದರೆ, ಕೆಲವೇ ನೂರು ಜನ ಬಳಸುವ ಕನ್ನಡದ ಸಣ್ಣ ಸಾಫ್ಟ್‌ವೇರ್‌ಗೆ ಆಗುವುದರಲ್ಲಿ ಆಶ್ಚರ್ಯವಿಲ್ಲ. ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಎಂಬ ಪರೀಕ್ಷಾ ಸಂಸ್ಥೆ, ಆಂಟಿವೈರಸ್‌ಗಳು ಎಷ್ಟು ವೈರಸ್ ಹಿಡಿದವು ಎಂಬುದರ ಜೊತೆಗೆ ಎಷ್ಟು ಸುಳ್ಳು ಎಚ್ಚರಿಕೆ ಕೊಟ್ಟವು ಎಂದೂ ಲೆಕ್ಕ ಹಾಕುತ್ತದೆ. ಅಂದರೆ ಇದು ಆ ಕ್ಷೇತ್ರದವರೇ ಒಪ್ಪಿಕೊಂಡ ದೋಷ.

ಅಷ್ಟು ಬುದ್ಧಿವಂತ ಆಂಟಿವೈರಸ್ ಯಾಕೆ ತಪ್ಪುತ್ತದೆ?

ಅದು ನೋಡುವ ರೀತಿ ತಿಳಿದರೆ ಇದು ಅರ್ಥವಾಗುತ್ತದೆ.

ಮೊದಲನೆಯದು ಗುರುತು ಹಿಡಿಯುವುದು. ಹಿಂದೆ ಸಿಕ್ಕ ವೈರಸ್‌ಗಳ ತುಣುಕುಗಳನ್ನು ಆಂಟಿವೈರಸ್ ಪಟ್ಟಿ ಮಾಡಿಟ್ಟುಕೊಂಡಿರುತ್ತದೆ. ಹೊಸ ಫೈಲಿನಲ್ಲಿ ಅಂಥದ್ದೇ ತುಣುಕು ಕಂಡರೆ ತಡೆಯುತ್ತದೆ. ತೊಂದರೆ ಏನೆಂದರೆ, ಕಳ್ಳರೂ ನಾವೂ ಬಳಸುವ ಉಪಕರಣಗಳು ಒಂದೇ. ನನ್ನ ಸಾಫ್ಟ್‌ವೇರ್ ಇರುವುದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ನಿಮ್ಮ ಕಂಪ್ಯೂಟರ್‌ನಲ್ಲಿ ಪೈಥಾನ್ ಇರಬೇಕಿಲ್ಲ ಎಂದು ಎಲ್ಲವನ್ನೂ ಪೈಇನ್‌ಸ್ಟಾಲರ್‌ನಿಂದ ಒಂದೇ ಫೈಲಿಗೆ ಕಟ್ಟಿ ಕೊಡುತ್ತೇನೆ. ಹಾಗೆ ಕಟ್ಟಿದ ಎಲ್ಲ ಫೈಲುಗಳ ಆರಂಭದ ಭಾಗ ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ. ಯಾರೋ ಅದೇ ಪೈಇನ್‌ಸ್ಟಾಲರ್‌ನಲ್ಲಿ ವೈರಸ್ ಕಟ್ಟಿದರೆ, ಆ ಆರಂಭದ ಭಾಗವೇ ಪಟ್ಟಿಗೆ ಸೇರಿಬಿಡಬಹುದು. ಫೈಲಿನ ಗಾತ್ರ ಇಳಿಸುವ ಯುಪಿಎಕ್ಸ್, ಕೀಲಿ ಒತ್ತುವ ಕೆಲಸಗಳನ್ನು ತಾನಾಗಿ ಮಾಡಿಸುವ ಆಟೊಹಾಟ್‌ಕೀ ಬಳಸಿ ಮಾಡಿದ ಸಣ್ಣ ಉಪಕರಣಗಳು, ಇವಕ್ಕೂ ಇದೇ ಗತಿ.

ಎರಡನೆಯದು ನಡತೆ ನೋಡಿ ಅಂದಾಜು ಮಾಡುವುದು. ಇದು ಕನ್ನಡಿಗರಿಗೆ ಚೆನ್ನಾಗಿ ಗೊತ್ತಿರಬೇಕಾದ ವಿಷಯ. ಕನ್ನಡ ಕೀಲಿಮಣೆಯ ಸಾಫ್ಟ್‌ವೇರ್ ಏನು ಮಾಡುತ್ತದೆ? ನೀವು ವರ್ಡ್‌ನಲ್ಲಿರಲಿ, ಬ್ರೌಸರ್‌ನಲ್ಲಿರಲಿ, ಒತ್ತಿದ ಪ್ರತಿ ಕೀಲಿಯನ್ನೂ ನಡುವೆಯೇ ಹಿಡಿದು ಅದರ ಜಾಗದಲ್ಲಿ ಕನ್ನಡ ಅಕ್ಷರ ಕೂರಿಸುತ್ತದೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಪ್ರತಿ ಕೀಲಿಯನ್ನೂ ಹೀಗೇ ಹಿಡಿಯುತ್ತದೆ. ಒಂದು ಕೊಡುತ್ತದೆ, ಇನ್ನೊಂದು ಕದಿಯುತ್ತದೆ. ಆದರೆ ಕೆಲಸದ ಮೊದಲ ಅರ್ಧ ಎರಡರದ್ದೂ ಒಂದೇ. ಉದ್ದೇಶ ಏನು ಎಂದು ಯಂತ್ರಕ್ಕೆ ತಿಳಿಯುವುದಿಲ್ಲ, ಅಲ್ವಾ? ದೂರದಿಂದ ಕಂಪ್ಯೂಟರ್ ನಡೆಸುವ ಉಪಕರಣ, ಮರೆತ ವೈಫೈ ಪಾಸ್‌ವರ್ಡ್ ತೋರಿಸುವ ಉಪಕರಣ ಇವೆಲ್ಲ ಇದೇ ಕಾರಣಕ್ಕೆ ಸಿಕ್ಕಿಬೀಳುತ್ತವೆ.

ಮೂರನೆಯದು ಪರಿಚಯ ಇದೆಯೇ ಎಂದು ನೋಡುವುದು. ಇದರ ಬಗ್ಗೆ ಮುಂದಿನ ಪ್ರಶ್ನೆ ನೋಡಿ.

"ವಿಂಡೋಸ್ ಪ್ರೊಟೆಕ್ಟೆಡ್ ಯುವರ್ ಪಿಸಿ" ಎಂಬ ನೀಲಿ ಪೆಟ್ಟಿಗೆ ಬಂತು. ಇದು ವೈರಸ್ ಇದ್ದಂತಾ?

ಅಲ್ಲ. ಅದು ಸ್ಮಾರ್ಟ್‌ಸ್ಕ್ರೀನ್. "ಈ ಫೈಲಿನಲ್ಲಿ ವೈರಸ್ ಇದೆ" ಎಂದು ಅದು ಹೇಳುತ್ತಿಲ್ಲ, "ಈ ಫೈಲು ನನಗೆ ಗೊತ್ತಿಲ್ಲ" ಎನ್ನುತ್ತಿದೆ. ಬೀದಿಗೆ ಹೊಸಬರು ಬಂದರೆ ನಾಯಿ ಬೊಗಳುತ್ತದೆ. ಬಂದವರು ಕಳ್ಳರೂ ಇರಬಹುದು, ನೆಂಟರೂ ಇರಬಹುದು.

ಇಂಟರ್‌ನೆಟ್‌ನಿಂದ ಬಂದ ಫೈಲಿಗೆ ಬ್ರೌಸರ್ ಒಂದು ಕಾಣದ ಚೀಟಿ ಅಂಟಿಸುತ್ತದೆ. ಅಂಥ ಫೈಲನ್ನು ತೆರೆಯುವಾಗ ವಿಂಡೋಸ್, ಇದನ್ನು ಎಷ್ಟು ಜನ ಬಳಸಿದ್ದಾರೆ, ತಯಾರಿಸಿದವರು ಯಾರೆಂದು ಖಾತ್ರಿಪಡಿಸುವ ಡಿಜಿಟಲ್ ಸಹಿ ಇದೆಯಾ ಎಂದು ನೋಡುತ್ತದೆ. ನಾನು ಹೊಸ ಆವೃತ್ತಿ ಬಿಟ್ಟ ದಿನ ಅದನ್ನು ಬಳಸಿದವರು ಸೊನ್ನೆ. ಹಾಗಾಗಿ ಪೆಟ್ಟಿಗೆ ಬರುತ್ತದೆ. ಕೆಲವು ವಾರ ಕಳೆದ ಮೇಲೆ ಎಷ್ಟೋ ಸಲ ತಾನಾಗಿಯೇ ನಿಲ್ಲುತ್ತದೆ. "ಮೋರ್ ಇನ್ಫೋ" ಒತ್ತಿದರೆ "ರನ್ ಎನಿವೇ" ಕಾಣುತ್ತದೆ. ಆದರೆ ಕೆಳಗೆ ಹೇಳಿದ ಪರೀಕ್ಷೆಗಳನ್ನು ಮಾಡದೆ ಅದನ್ನು ಒತ್ತಬೇಡಿ.

ಕ್ರೋಮ್ ಕೂಡ 2024ರಿಂದ ಡೌನ್‌ಲೋಡ್ ಎಚ್ಚರಿಕೆಯನ್ನು ಎರಡು ಬಗೆ ಮಾಡಿದೆ: ಅನುಮಾನಾಸ್ಪದ ಮತ್ತು ಅಪಾಯಕಾರಿ. ಎರಡನೆಯದು ಬಂದರೆ ನನ್ನ ಫೈಲೇ ಆಗಿದ್ದರೂ ನಿಲ್ಲಿಸಿ, ನನಗೆ ತಿಳಿಸಿ.

ವೈರಸ್ಸಿನ ಹೆಸರಿನಿಂದ ಏನಾದರೂ ತಿಳಿಯುತ್ತದಾ?

ಸ್ವಲ್ಪ ತಿಳಿಯುತ್ತದೆ. ಹೆಸರಿನಲ್ಲಿ "ಜೆನೆರಿಕ್", "ಜೆನ್", "ಹ್ಯೂರ್", "ಸಸ್ಪಿಶಿಯಸ್" ಎಂಬ ತುಣುಕುಗಳಿದ್ದರೆ ಅದು ಅಂದಾಜಿನ ಮಾತು. ಡಿಫೆಂಡರ್ ಕೊಡುವ ಹೆಸರಿನ ತುದಿಯಲ್ಲಿ ಆಶ್ಚರ್ಯಚಿಹ್ನೆ ಹಾಕಿ "ಎಂಎಲ್" ಎಂದಿದ್ದರೆ ಅದು ಮೆಷಿನ್ ಲರ್ನಿಂಗ್ ಮಾಡಿದ ಊಹೆ. "ವಾಕಾಟ್ಯಾಕ್" ಎಂಬ ಹೆಸರು ಹೀಗೆ ಸಣ್ಣ ಸಾಫ್ಟ್‌ವೇರ್ ಮಾಡುವವರನ್ನೆಲ್ಲ ಕಾಡಿದೆ. "ಪಿಯುಎ" ಅಥವಾ "ಪಿಯುಪಿ" ಎಂದಿದ್ದರೆ ವೈರಸ್ ಅಲ್ಲ, ನಿಮಗೆ ಬೇಡದ ಟೂಲ್‌ಬಾರೋ ಜಾಹೀರಾತೋ ಜೊತೆಗೆ ಅಂಟಿಕೊಂಡು ಬಂದಿರಬಹುದು ಎಂದು ಅರ್ಥ.

ಒಂದು ನಿರ್ದಿಷ್ಟ ವೈರಸ್ ಕುಟುಂಬದ ಹೆಸರು ಬಂದು, ಬೇರೆ ಬೇರೆ ಕಂಪನಿಗಳೂ ಅದೇ ಹೆಸರು ಹೇಳಿದರೆ ಅನುಮಾನವನ್ನು ಗಟ್ಟಿ ಮಾಡಿಕೊಳ್ಳಿ. ಆದರೆ ಬರೀ ಹೆಸರು ನೋಡಿ "ಇದು ಊಹೆ ಅಷ್ಟೇ" ಎಂದು ಫೈಲು ತೆರೆಯಬೇಡಿ. ಊಹೆಯೂ ಎಷ್ಟೋ ಸಲ ಸರಿಯಾಗಿರುತ್ತದೆ.

ಇನ್ನೊಬ್ಬರ ಅಭಿಪ್ರಾಯ ಕೇಳಬಹುದಾ?

ಖಂಡಿತ. ಅದಕ್ಕೆ ವೈರಸ್‌ಟೋಟಲ್ ಎಂಬ ತಾಣವಿದೆ. 2004ರಲ್ಲಿ ಸ್ಪೇನ್‌ನಲ್ಲಿ ಶುರುವಾಯಿತು, 2012ರಿಂದ ಗೂಗಲ್‌ನ ಕೈಯಲ್ಲಿದೆ. ಒಂದು ಫೈಲು ಕೊಟ್ಟರೆ ಸುಮಾರು 70 ಆಂಟಿವೈರಸ್‌ಗಳು ಏನು ಹೇಳುತ್ತವೆ ಎಂದು ತೋರಿಸುತ್ತದೆ.

ಫಲಿತಾಂಶ ಓದುವಾಗ ಬರೀ ಸಂಖ್ಯೆ ನೋಡಬೇಡಿ. ಎರಡು ಮೂರು ಅಷ್ಟಾಗಿ ಹೆಸರು ಕೇಳಿರದ ಆಂಟಿವೈರಸ್‌ಗಳು ಮಾತ್ರ ಅಂದಾಜಿನ ಹೆಸರು ಹೇಳಿ, ಉಳಿದವೆಲ್ಲ ಸುಮ್ಮನಿದ್ದರೆ, ಫೈಲು ಹಳೆಯದೂ ಆಗಿದ್ದರೆ, ಸುಳ್ಳು ಎಚ್ಚರಿಕೆ ಇರುವ ಸಾಧ್ಯತೆ ಹೆಚ್ಚು. ಫೈಲು ಇವತ್ತೇ ಬಂದದ್ದಾದರೆ ಮಾತು ಬೇರೆ. ಹೊಸ ವೈರಸ್ಸನ್ನೂ ಮೊದಲ ದಿನ ಹಿಡಿಯುವವರು ಒಬ್ಬರೋ ಇಬ್ಬರೋ ಅಷ್ಟೇ. ಆಗ ಎರಡು ದಿನ ಬಿಟ್ಟು ಮತ್ತೆ ಪರೀಕ್ಷಿಸಿ. ಸುಳ್ಳಾಗಿದ್ದರೆ ಸಂಖ್ಯೆ ಇಳಿಯುತ್ತದೆ, ನಿಜವಾಗಿದ್ದರೆ ಏರುತ್ತದೆ. ನನಗೆ ಗೊತ್ತಿರುವ ಪರೀಕ್ಷೆಗಳಲ್ಲಿ ಇದು ಅತಿ ಸುಲಭದ್ದು, ಅದರಲ್ಲೂ ಬೇಕಾಗುವುದು ತಾಳ್ಮೆ ಮಾತ್ರ.

ಒಂದು ಎಚ್ಚರ. ಅಲ್ಲಿಗೆ ಹಾಕಿದ ಫೈಲು ಭದ್ರತಾ ಕಂಪನಿಗಳ ಕೈಗೆ ಸಿಗುತ್ತದೆ. ಸಾಫ್ಟ್‌ವೇರ್ ಹಾಕಿ, ಪರವಾಗಿಲ್ಲ. ಆಧಾರ್ ಸ್ಕ್ಯಾನು, ಕ್ರಯಪತ್ರ, ಸಂಬಳದ ಪಟ್ಟಿ ಇರುವ ಫೈಲುಗಳನ್ನು ಮಾತ್ರ ಹಾಕಬೇಡಿ.

ಹ್ಯಾಶ್ ಅಂದರೆ ಏನು? ನಿಮ್ಮ ಡೌನ್‌ಲೋಡ್ ಕೊಂಡಿಯ ಕೆಳಗೆ ಉದ್ದದ ಒಂದು ಸಾಲು ಇದೆಯಲ್ಲ?

ಅದೇ ಹ್ಯಾಶ್. ಫೈಲಿನ ಬೆರಳಚ್ಚು ಎಂದುಕೊಳ್ಳಿ. ಎಸ್‌ಎಚ್‌ಎ-256 ಎಂಬ ಲೆಕ್ಕದಲ್ಲಿ ಎಷ್ಟೇ ದೊಡ್ಡ ಫೈಲಾದರೂ 64 ಅಕ್ಷರಗಳ ಒಂದು ಸಾಲು ಬರುತ್ತದೆ. ಫೈಲಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ.

ನಿಮ್ಮಲ್ಲಿ ಸೆವೆನ್-ಜಿಪ್ ಎಂಬ ಉಚಿತ ಸಾಫ್ಟ್‌ವೇರ್ ಇದ್ದರೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಮೆನುವಿನಲ್ಲಿ ಎಸ್‌ಎಚ್‌ಎ-256 ಆರಿಸಿ. ಇಲ್ಲದಿದ್ದರೆ ವಿಂಡೋಸ್‌ನಲ್ಲೇ ಇರುವ ಪವರ್‌ಶೆಲ್ ತೆರೆದು ಗೆಟ್-ಫೈಲ್‌ಹ್ಯಾಶ್ ಎಂಬ ಆಜ್ಞೆ ಕೊಟ್ಟು ಫೈಲಿನ ಹೆಸರು ಸೇರಿಸಿ. ಬಂದ ಸಾಲು ಮತ್ತು ತಯಾರಕರು ಪ್ರಕಟಿಸಿದ ಸಾಲು ಒಂದೇ ಆಗಿದ್ದರೆ, ಅವರು ಇಟ್ಟ ಫೈಲೇ ನಿಮಗೆ ತಲುಪಿದೆ. ದಾರಿಯಲ್ಲಿ ಯಾರೂ ಕೈಯಾಡಿಸಿಲ್ಲ.

ಇದು ಎಷ್ಟು ಮುಖ್ಯ ಎಂದು 2017ರ ಮೇ ತಿಂಗಳಲ್ಲಿ ಗೊತ್ತಾಯಿತು. ವಿಡಿಯೊ ಬದಲಿಸುವ ಹ್ಯಾಂಡ್‌ಬ್ರೇಕ್‌ನ ಒಂದು ಡೌನ್‌ಲೋಡ್ ಸರ್ವರ್‌ಗೆ ಯಾರೋ ನುಗ್ಗಿ, ಮ್ಯಾಕ್‌ನ ಫೈಲನ್ನು ಬದಲಿಸಿ, ಟ್ರೋಜನ್ ಸೇರಿಸಿಟ್ಟಿದ್ದರು. ನಾಲ್ಕೈದು ದಿನ ಅದು ಹಾಗೇ ಇತ್ತು. ಹ್ಯಾಶ್ ಹೋಲಿಸಿದವರಿಗೆ ಮಾತ್ರ ವ್ಯತ್ಯಾಸ ಕಾಣುತ್ತಿತ್ತು. ಸಾಧ್ಯವಾದರೆ ಹ್ಯಾಶ್ ಅನ್ನು ಬೇರೆ ಜಾಗದಿಂದಲೂ ನೋಡಿ. ತಾಣವೇ ಕಳ್ಳರ ಕೈಗೆ ಸಿಕ್ಕಿದ್ದರೆ ಅಲ್ಲಿ ಬರೆದ ಹ್ಯಾಶ್ ಕೂಡ ಅವರದ್ದೇ. ನನ್ನ ಹ್ಯಾಶ್‌ಗಳನ್ನು ನನ್ನ ತಾಣದಲ್ಲೂ ಮೂಲ ಕೋಡ್ ಇಡುವ ಗಿಟ್‌ಹಬ್‌ನಲ್ಲೂ ಹಾಕುವುದು ಇದಕ್ಕಾಗಿಯೇ.

ಗೂಗಲ್‌ನಲ್ಲಿ ಹುಡುಕಿ, ಮೊದಲು ಬಂದ ಕೊಂಡಿಯಿಂದ ಇಳಿಸಿಕೊಂಡೆ. ಸರಿ ತಾನೆ?

ಮೊದಲು ಬರುವುದು ಎಷ್ಟೋ ಸಲ ಜಾಹೀರಾತು. 2023ರಲ್ಲಿ ಪಾಸ್‌ವರ್ಡ್ ಕಾಪಾಡುವ ಕೀಪಾಸ್ ಹೆಸರಿನಲ್ಲಿ ಒಂದು ನಕಲಿ ಜಾಹೀರಾತು ಗೂಗಲ್‌ನಲ್ಲೇ ಬಂದಿತ್ತು. ವಿಳಾಸದಲ್ಲಿ ಇಂಗ್ಲಿಷಿನ ಕೆ ಅಕ್ಷರದ ಕೆಳಗೆ ಒಂದು ಪುಟ್ಟ ಗುರುತು ಇತ್ತು, ಅಷ್ಟೇ ವ್ಯತ್ಯಾಸ. ಮಾನಿಟರ್ ಮೇಲಿನ ಧೂಳಿನ ಕಣ ಅಂದುಕೊಳ್ಳುವಷ್ಟು ಚಿಕ್ಕದು.

ನಮ್ಮ ದೇಶದಲ್ಲಿ ಇನ್ನೊಂದು ತೊಂದರೆ ಆಗಿತ್ತು. 2022ರ ಫೆಬ್ರವರಿ ಹೊತ್ತಿಗೆ ವಿಎಲ್‌ಸಿ ಪ್ಲೇಯರ್‌ನ ಅಧಿಕೃತ ತಾಣ ಭಾರತದಲ್ಲಿ ತೆರೆಯದಂತಾಯಿತು. ನವೆಂಬರ್‌ನಲ್ಲಿ ಆ ತಡೆ ತೆರವಾಯಿತು. ಆ ತಿಂಗಳುಗಳಲ್ಲಿ ಒಳ್ಳೆಯ ಸಾಫ್ಟ್‌ವೇರ್ ಬೇಕಾದವರೂ ಕಂಡ ಕಂಡ ತಾಣಗಳಿಗೆ ಹೋಗುವ ಪರಿಸ್ಥಿತಿ ಬಂತು. ಅಸಲಿ ಮೂಲ ಮುಚ್ಚಿದರೆ ಜನ ನಕಲಿಯ ಕಡೆ ತಿರುಗುತ್ತಾರೆ. ಇದು ನನಗೆ ಇವತ್ತಿಗೂ ಬೇಸರದ ವಿಷಯ.

ವಿಳಾಸವನ್ನು ವಿಕಿಪೀಡಿಯ ಪುಟದಿಂದಲೋ ಸಾಫ್ಟ್‌ವೇರ್ ಒಳಗಿನ "ಅಬೌಟ್" ಪುಟದಿಂದಲೋ ತೆಗೆದುಕೊಳ್ಳಿ. ಒಮ್ಮೆ ಸರಿಯಾದದ್ದು ಸಿಕ್ಕರೆ ಬುಕ್‌ಮಾರ್ಕ್ ಮಾಡಿಡಿ.

ಅಧಿಕೃತ ತಾಣದಿಂದಲೇ ತಂದೆ, ಡಿಜಿಟಲ್ ಸಹಿಯೂ ಇದೆ. ಹಾಗಾದರೆ ಎಚ್ಚರಿಕೆ ಸುಳ್ಳು ಅಂತಾಯ್ತಲ್ಲ?

ಇಲ್ಲ. ಈ ಉತ್ತರವನ್ನು ದಯವಿಟ್ಟು ಪೂರ್ತಿ ಓದಿ. ಸುಳ್ಳು ಎಚ್ಚರಿಕೆ ಎಂಬ ಪದ ಒಮ್ಮೆ ತಿಳಿದ ಮೇಲೆ ಪ್ರತಿ ಎಚ್ಚರಿಕೆಯನ್ನೂ ಹಾಗೇ ಕರೆಯುವ ಅಭ್ಯಾಸ ಬೆಳೆಯುತ್ತದೆ.

2023ರ ಮಾರ್ಚ್‌ನಲ್ಲಿ ತ್ರೀಸಿಎಕ್ಸ್ ಎಂಬ ಕಂಪನಿಯ ಫೋನ್ ಆ್ಯಪ್ ಅನ್ನು ಕೆಲವು ಭದ್ರತಾ ಸಾಫ್ಟ್‌ವೇರ್‌ಗಳು ತಡೆಯತೊಡಗಿದವು. ಕಚೇರಿಗಳ ಫೋನ್ ಕರೆಗೆ ಬಳಸುವ, ಲಕ್ಷಾಂತರ ಸಂಸ್ಥೆಗಳಲ್ಲಿದ್ದ ಆ್ಯಪ್ ಅದು. ಕಂಪನಿಯ ಅಪ್‌ಡೇಟ್ ಮೂಲಕವೇ ಬಂದಿತ್ತು, ಅಸಲಿ ಸಹಿಯೂ ಇತ್ತು. ಬಳಸುವವರಲ್ಲಿ ಹಲವರು ಇದು ಸುಳ್ಳು ಎಚ್ಚರಿಕೆ ಇರಬೇಕು ಎಂದುಕೊಂಡರು. ಒಂದು ವಾರದ ನಂತರ ನಿಜ ಹೊರಬಂತು. ದಾಳಿಕೋರರು ಕಂಪನಿಯ ಒಳಗೇ ಹೊಕ್ಕು, ಆ್ಯಪ್ ತಯಾರಾಗುವ ಜಾಗದಲ್ಲೇ ತಮ್ಮ ಕೋಡ್ ಸೇರಿಸಿದ್ದರು. ಆಂಟಿವೈರಸ್ ಹೇಳಿದ್ದೇ ಸರಿಯಾಗಿತ್ತು.

2017ರಲ್ಲಿ ಕಂಪ್ಯೂಟರ್‌ನ ಕಸ ತೆಗೆಯುವ ಸಿಕ್ಲೀನರ್‌ಗೆ ಆದದ್ದೂ ಇಂಥದ್ದೇ. ಅಧಿಕೃತ ತಾಣದಲ್ಲಿದ್ದ, ಅಸಲಿ ಸಹಿಯಿದ್ದ 5.33 ಆವೃತ್ತಿಯೊಳಗೆ ಹಿಂಬಾಗಿಲು, ಅಂದರೆ ಕಳ್ಳರು ಗುಟ್ಟಾಗಿ ಒಳಬರುವ ದಾರಿ, ಇತ್ತು. ಸುಮಾರು 22.7 ಲಕ್ಷ ಕಂಪ್ಯೂಟರ್‌ಗಳಿಗೆ ಅದು ತಲುಪಿತ್ತು. ಇಂಥ ಕಡೆ ಹ್ಯಾಶ್ ಕೂಡ ಸರಿಯಾಗಿಯೇ ಬರುತ್ತದೆ, ಕಳ್ಳ ಮೂಲದಲ್ಲೇ ಕೂತಿದ್ದಾನಲ್ಲ.

ಹಾಗಾದರೆ ಏನು ಮಾಡುವುದು? ನಿನ್ನೆಯವರೆಗೆ ಸುಮ್ಮನಿದ್ದ ಆಂಟಿವೈರಸ್ ಒಂದು ಹೊಸ ಅಪ್‌ಡೇಟ್ ಬಂದ ಮೇಲೆ ಕೂಗಿದರೆ, ಆ ಕೂಗನ್ನು ಗಂಭೀರವಾಗಿ ತೆಗೆದುಕೊಳ್ಳಿ. ತಯಾರಕರಿಗೆ ಬರೆಯಿರಿ. ಅವರು ಪರೀಕ್ಷಿಸಿ ಸ್ಪಷ್ಟ ಉತ್ತರ ಕೊಡುವವರೆಗೆ ಹಳೆಯ ಆವೃತ್ತಿಯಲ್ಲೇ ಇರಿ. "ಅದೆಲ್ಲ ಮಾಮೂಲಿ, ಅಲೋ ಮಾಡಿ" ಎಂದಷ್ಟೇ ಹೇಳುವ ಉತ್ತರ ಉತ್ತರವಲ್ಲ. ನಾನು ಹಾಗೆ ಹೇಳಿದರೂ ಒಪ್ಪಬೇಡಿ.

"ಇನ್‌ಸ್ಟಾಲ್ ಮಾಡುವ ಮೊದಲು ಆಂಟಿವೈರಸ್ ಆಫ್ ಮಾಡಿ" ಎಂದು ಬರೆದಿದೆ. ಮಾಡಲಾ?

ಬೇಡ. ಯಾರೇ ಬರೆದಿರಲಿ.

ಈ ಸಾಲು ಹೆಚ್ಚಾಗಿ ಕಾಣುವುದು ಕ್ರ್ಯಾಕ್ ಮಾಡಿದ, ಅಂದರೆ ದುಡ್ಡು ಕೊಡದೆ ಬಳಸಲು ಬೀಗ ಮುರಿದ, ಸಾಫ್ಟ್‌ವೇರ್‌ಗಳ ಜೊತೆ. ಫೋಟೊಶಾಪ್, ಕೋರೆಲ್‌ಡ್ರಾ, ವಿಂಡೋಸ್ ಆ್ಯಕ್ಟಿವೇಟರ್ ಹೀಗೆ. ಕ್ರ್ಯಾಕ್ ಅಂದ ಮೇಲೆ ಆಂಟಿವೈರಸ್ ಹಿಡಿಯುತ್ತದೆ, ಅದು ಮಾಮೂಲಿ ಎಂಬ ನಂಬಿಕೆ ಬಲವಾಗಿದೆ. ಕಳ್ಳರಿಗೆ ಬೇಕಾದದ್ದೂ ಆ ನಂಬಿಕೆಯೇ. ವಿಂಡೋಸ್ ಆ್ಯಕ್ಟಿವೇಟ್ ಮಾಡುವ ಕೆಎಂಎಸ್‌ಪಿಕೊ ಹೆಸರಿನಲ್ಲಿ ಬಂದ ಇನ್‌ಸ್ಟಾಲರ್ ಒಂದರಲ್ಲಿ ಕ್ರಿಪ್ಟ್‌ಬಾಟ್ ಎಂಬ ಮಾಹಿತಿ ಕದಿಯುವ ಪ್ರೋಗ್ರಾಂ ಇದ್ದದ್ದು 2021ರಲ್ಲಿ ಬಯಲಾಯಿತು.

ನನಗೆ ಪರಿಚಯವಿರುವ ಒಂದು ಡಿಟಿಪಿ ಅಂಗಡಿಯಲ್ಲಿ ಹೀಗೇ ಕ್ರ್ಯಾಕ್ ಹಾಕಿ, ಮರುದಿನ ಬೆಳಗ್ಗೆ ನೋಡಿದರೆ ಒಂದು ಫೈಲೂ ತೆರೆಯುತ್ತಿರಲಿಲ್ಲ. ಲಗ್ನಪತ್ರಿಕೆ, ಶಾಲೆಯ ಸ್ಮರಣ ಸಂಚಿಕೆ, ಹತ್ತು ವರ್ಷದ ಕೆಲಸ ಎಲ್ಲ ಬೀಗ ಬಿದ್ದಿತ್ತು. ಬ್ಯಾಕಪ್ ಇದ್ದ ಡಿಸ್ಕೂ ಅದೇ ಕಂಪ್ಯೂಟರ್‌ಗೆ ಚುಚ್ಚಿತ್ತು. ಆ ಅಂಗಡಿಯಾತ ಬಡಪಾಯಿ, ಕೆಟ್ಟವನಲ್ಲ. ಇದೇ ಕೆಲಸಗಳಿಗೆ ಇಂಕ್‌ಸ್ಕೇಪ್, ಗಿಂಪ್, ಸ್ಕ್ರೈಬಸ್ ಉಚಿತವಾಗಿ ಸಿಗುತ್ತವೆ, ಯೂನಿಕೋಡ್ ಕನ್ನಡವನ್ನೂ ತೋರಿಸುತ್ತವೆ ಎಂದು ಅವರಿಗೆ ಮೊದಲೇ ಯಾರಾದರೂ ಹೇಳಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಎಲ್ಲ ಪರೀಕ್ಷೆ ಮಾಡಿದೆ, ಫೈಲು ಒಳ್ಳೆಯದೇ. ಈಗ ಹೇಗೆ ಬಿಡಿಸಿಕೊಳ್ಳುವುದು?

ಡಿಫೆಂಡರ್ ಆದರೆ ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ರಕ್ಷಣೆಯ ಭಾಗದಲ್ಲಿ "ಪ್ರೊಟೆಕ್ಷನ್ ಹಿಸ್ಟರಿ"ಗೆ ಹೋಗಿ. ಆ ಫೈಲಿನ ಸಾಲು ಆರಿಸಿ, "ಆ್ಯಕ್ಷನ್ಸ್" ಒತ್ತಿ "ರಿಸ್ಟೋರ್" ಅಥವಾ "ಅಲೋ" ಕೊಡಿ. ಬೇರೆ ಆಂಟಿವೈರಸ್‌ಗಳಲ್ಲಿ ಕ್ವಾರಂಟೈನ್ ಪಟ್ಟಿಯಲ್ಲಿ ಇಂಥದ್ದೇ ಆಯ್ಕೆ ಇರುತ್ತದೆ.

ಬಿಡುವುದು ಆ ಒಂದು ಫೈಲನ್ನು ಮಾತ್ರ. ಡೌನ್‌ಲೋಡ್ಸ್ ಫೋಲ್ಡರ್ ಪೂರ್ತಿಯನ್ನೋ ಸಿ ಡ್ರೈವನ್ನೋ ವಿನಾಯಿತಿ ಪಟ್ಟಿಗೆ ಹಾಕಬೇಡಿ. ಮುಂದೆ ಬರುವ ನಿಜವಾದ ವೈರಸ್ ಕೂಡ ಮೊದಲು ಬಂದು ಕೂರುವುದು ಡೌನ್‌ಲೋಡ್ಸ್‌ನಲ್ಲೇ. ಕಚೇರಿಯ ಕಂಪ್ಯೂಟರ್ ಆದರೆ ನೀವೇ ಏನೂ ಮಾಡಬೇಡಿ, ಅಲ್ಲಿನ ಐಟಿಯವರಿಗೆ ಹೇಳಿ.

ಆಂಟಿವೈರಸ್ ಕಂಪನಿಗೆ ತಿಳಿಸಬಹುದಾ? ಅವರು ಕೇಳುತ್ತಾರಾ?

ಕೇಳುತ್ತಾರೆ. ಮೈಕ್ರೋಸಾಫ್ಟ್‌ಗೆ ಫೈಲು ಕಳಿಸುವ ಪುಟವಿದೆ, ಬಳಸುವವರೂ ತಯಾರಿಸಿದವರೂ ಕಳಿಸಬಹುದು. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ಸೇರಿದಂತೆ ಉಳಿದ ಕಂಪನಿಗಳಿಗೂ ಅವರವರ ತಾಣದ ಮೂಲಕ ತಿಳಿಸಬಹುದು. ನನ್ನ ಒಂದು ಆವೃತ್ತಿಯನ್ನು ಹೆಸರಾಂತ ಆಂಟಿವೈರಸ್ ಒಂದು ಹಿಡಿದಾಗ ಬರೆದು ಕಳಿಸಿದೆ. ಮೂರನೆಯ ದಿನ ಸರಿಪಡಿಸಿದರು. ಮುಂದಿನ ಆವೃತ್ತಿ ಬಿಟ್ಟಾಗ ಮತ್ತೆ ಹಿಡಿಯಿತು, ಮತ್ತೆ ಬರೆದೆ. ಇದು ತಪ್ಪುವುದಿಲ್ಲ, ಯಾಕೆಂದರೆ ಪ್ರತಿ ಆವೃತ್ತಿಯ ಬೆರಳಚ್ಚೂ ಹೊಸದು.

ನೀವು ಡಿಜಿಟಲ್ ಸಹಿ ಯಾಕೆ ಹಾಕಿಲ್ಲ?

ಅದಕ್ಕೆ ಪ್ರತಿ ವರ್ಷ ದುಡ್ಡು ಕಟ್ಟಬೇಕು, ಉಚಿತ ಸಾಫ್ಟ್‌ವೇರ್‌ಗೆ ಅದು ದೊಡ್ಡ ಮೊತ್ತ. 2023ರ ಜೂನ್‌ನಿಂದ ಸಹಿಯ ಗುಟ್ಟಿನ ಕೀಲಿಯನ್ನು ಸುರಕ್ಷಿತ ಯಂತ್ರಾಂಶದಲ್ಲೇ ಇಡಬೇಕೆಂಬ ನಿಯಮವೂ ಬಂದಿದೆ. ನಿಯಮ ಒಳ್ಳೆಯದೇ. ಮೂಲ ಕೋಡ್ ತೆರೆದಿಟ್ಟವರಿಗೆ ಉಚಿತವಾಗಿ ಸಹಿ ಕೊಡಿಸುವ ವ್ಯವಸ್ಥೆಗಳಿವೆ, ಅವುಗಳಿಗೆ ಅರ್ಜಿ ಹಾಕುವ ತಯಾರಿಯಲ್ಲಿದ್ದೇನೆ.

ನನ್ನ ಆಂಟಿವೈರಸ್ ಕೆಲಸ ಮಾಡುತ್ತಿದೆಯೇ ಎಂದು ಸುಮ್ನೆ ನೋಡುವುದು ಹೇಗೆ?

ಅದಕ್ಕೆಂದೇ ಮಾಡಿದ ಐಕಾರ್ ಎಂಬ ಪರೀಕ್ಷಾ ಫೈಲು ಇದೆ. ಬರೀ 68 ಅಕ್ಷರ, ಯಾವ ಹಾನಿಯೂ ಇಲ್ಲ. ಎಲ್ಲ ಆಂಟಿವೈರಸ್‌ಗಳೂ ಅದನ್ನು ಹಿಡಿಯಬೇಕೆಂದು ಕಂಪನಿಗಳೇ ಒಪ್ಪಿಕೊಂಡಿವೆ.

ಮೊಬೈಲ್‌ನಲ್ಲಿ ಪ್ಲೇ ಪ್ರೊಟೆಕ್ಟ್ ತಡೆಯಿತು. ಇಲ್ಲಿಯೂ ಇದೇ ಲೆಕ್ಕವಾ?

ಅರ್ಧ ಮಾತ್ರ. ಪ್ಲೇ ಪ್ರೊಟೆಕ್ಟ್ ಅಂದರೆ ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್‌ಗಳನ್ನು ಪರೀಕ್ಷಿಸುವ ಗೂಗಲ್‌ನ ಕಾವಲು. ಉಚಿತ ಆ್ಯಪ್‌ಗಳ ಭಂಡಾರವಾದ ಎಫ್-ಡ್ರಾಯ್ಡ್‌ನಂಥ ಕಡೆಯಿಂದ ತಂದ ಒಳ್ಳೆಯ ಆ್ಯಪ್‌ಗೂ ಪ್ಲೇ ಪ್ರೊಟೆಕ್ಟ್ ಅಡ್ಡಿ ಹೇಳುವುದುಂಟು. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ (ಆ್ಯಪ್ ಇನ್‌ಸ್ಟಾಲ್ ಮಾಡುವ) ಫೈಲಿನ ವಿಷಯದಲ್ಲಿ ಸುಳ್ಳು ಎಚ್ಚರಿಕೆಯ ಯೋಚನೆಯೇ ಬೇಡ. ಆರ್‌ಟಿಒ ಚಲನ್, ಪಿಎಂ ಕಿಸಾನ್, ಮದುವೆಯ ಕರೆಯೋಲೆ ಎಂದೆಲ್ಲ ಹೆಸರಿಟ್ಟು ಬರುತ್ತವೆ. ಒಟಿಪಿ ಓದಿ ಬ್ಯಾಂಕ್ ಖಾತೆ ಖಾಲಿ ಮಾಡುವುದು ಅವುಗಳ ಕೆಲಸ. ನಿಮ್ಮ ಅಣ್ಣನ ನಂಬರಿನಿಂದಲೇ ಬಂದಿದ್ದರೂ ಅಳಿಸಿ, ಅವರಿಗೆ ಫೋನ್ ಮಾಡಿ ತಿಳಿಸಿ. ಅವರ ಫೋನ್ ಆಗಲೇ ಕೈತಪ್ಪಿರಬಹುದು.

ಎಚ್ಚರಿಕೆ ಬಂದರೂ ಓಡಿಸಿಬಿಟ್ಟೆ. ಈಗ ಭಯ ಆಗ್ತಿದೆ.

ಇಂಟರ್‌ನೆಟ್ ಕಡಿಯಿರಿ. ಕಂಪ್ಯೂಟರ್‌ಗೆ ಚುಚ್ಚಿದ ಪೆನ್‌ಡ್ರೈವ್, ಬ್ಯಾಕಪ್ ಡಿಸ್ಕ್ ತೆಗೆಯಿರಿ. ಡಿಫೆಂಡರ್‌ನಲ್ಲಿ "ಆಫ್‌ಲೈನ್ ಸ್ಕ್ಯಾನ್" ಎಂಬ ಆಯ್ಕೆ ಇದೆ, ಅದನ್ನು ಓಡಿಸಿ. ಭಾರತ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಉಚಿತ ಶುದ್ಧೀಕರಣ ಉಪಕರಣಗಳನ್ನು ಕೊಡುತ್ತಿದೆ, ಅವನ್ನೂ ಬಳಸಬಹುದು.

ಪಾಸ್‌ವರ್ಡ್‌ಗಳನ್ನು ಬೇರೆ ಕಂಪ್ಯೂಟರ್‌ನಿಂದಲೋ ಮೊಬೈಲ್‌ನಿಂದಲೋ ಬದಲಿಸಿ. ಮೊದಲು ಇಮೇಲ್, ಆಮೇಲೆ ಬ್ಯಾಂಕ್, ಉಳಿದವು ನಂತರ. ಖಾತೆಯಿಂದ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ನಾಚಿಕೆಪಟ್ಟುಕೊಂಡು ಕೂತ ಪ್ರತಿ ಗಂಟೆಯೂ ಕಳ್ಳರಿಗೆ ಅನುಕೂಲ.

ಓಡಿಸಿದ್ದು ನನ್ನ ಸಾಫ್ಟ್‌ವೇರ್ ಆಗಿದ್ದರೆ ನನಗೆ ನಾಲ್ಕು ವಿಷಯ ಕಳಿಸಿ: ಎಲ್ಲಿಂದ ಇಳಿಸಿಕೊಂಡಿರಿ, ಫೈಲಿನ ಹ್ಯಾಶ್, ಆಂಟಿವೈರಸ್ಸಿನ ಹೆಸರು, ಅದು ತೋರಿಸಿದ ವೈರಸ್ಸಿನ ಹೆಸರು. ಹ್ಯಾಶ್ ನನ್ನದಕ್ಕೆ ಹೊಂದದಿದ್ದರೆ ಅದು ನನ್ನ ಫೈಲಲ್ಲ. ಆಗ ಯಾರೋ ನನ್ನ ಹೆಸರಿನಲ್ಲಿ ನಕಲಿ ಹಂಚುತ್ತಿದ್ದಾರೆ ಎಂದು ಉಳಿದವರಿಗೂ ಅವತ್ತೇ ತಿಳಿಸುತ್ತೇನೆ.